ಗಗನಚುಂಬಿಯಲ್ಲೊಂದು ಬಂದವರ ಓಣಿ

ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು ಪರುಷಕಟ್ಟೆ, ಅಕ್ಕನಾಗಮ್ಮನ ಗವಿ, ತ್ರಿಪುರಾಂತಕ ಕೆರೆ ಮೊದಲಾದವುಗಳನ್ನು ಸಂದರ್ಶಿಸುವಾಗ ಅವರಿಗೆ ತೋರಿಸಲಾಗುವ ಸ್ಥಳಗಳಲ್ಲಿ ‘ಬಂದವರ ಓಣಿ’ ಎಂಬುದೂ ಒಂದು. ಕೋಟೆ, ಅರಮನೆ, ದೇಗುಲಗಳು ಸ್ಮಾರಕಗಳಾಗಿ ಉಳಿಯುವುದು ಎಲ್ಲೆಡೆಯಲ್ಲಿಯೂ ಕಂಡುಬರುವ ಸಂಗತಿ. ಆದರೆ ಒಂದು ಬೀದಿ ಸ್ಮಾರಕವೆಂದು ಜನಮನದಲ್ಲಿ ನೆಲೆನಿಲ್ಲುವುದು ವಿರಳ. ಹನ್ನೆರಡನೆಯ ಶತಮಾನದಲ್ಲಿ ದೂರದ ನಾಡುಗಳಿಂದ ಕಲ್ಯಾಣವನ್ನು ಅರಸಿ ಬಂದ ಶರಣರು ಅಲ್ಲಿ ತಂಗುತ್ತಿದ್ದರೆಂದು ಜನ ನಂಬಿಕೊಂಡು ಬಂದಿದ್ದಾರೆ. ಓಣಿಗಳಿಗೆ ಅಲ್ಲಿ ವಾಸಿಸುವವರ ಹೆಸರನ್ನೋ, ಅವರ ಕಸುಬಿನ ಹೆಸರನ್ನೋ ಇಡುವುದು ರೂಢಿ. ಈ ಓಣಿಗಾದರೋ ಹೊರಗಿನಿಂದ ಬಂದವರ ಹೆಸರು ದೊರೆತಿದೆ. ಒಂದು ನಗರದ ಹಿರಿಮೆಯನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲು ದೊರೆಯುವುದು ಕಷ್ಟ.

ಈ ಅಳತೆಗೋಲನ್ನು ಆಧುನಿಕ ಕಾಲದ ಒಂದು ಪ್ರಶ್ನೆಗೆ ಹಿಡಿದು ನೋಡುವ ಸಮಯ ಈಗ ಒದಗಿದೆ. ನೆಲದ ಬೆಲೆ ಏರಿದಂತೆ ಮಹಾನಗರಗಳು ಅಡ್ಡಡ್ಡಲಾಗಿ ಹರಡುವುದನ್ನು ಬಿಟ್ಟು ಮೇಲ್ಮುಖವಾಗಿ ಬೆಳೆಯತೊಡಗಿವೆ. ಮನೆ, ಕಚೇರಿ, ಅಂಗಡಿ, ಶಾಲೆ, ಉದ್ಯಾನ ಎಲ್ಲವನ್ನೂ ಒಂದೇ ಕಟ್ಟಡದ ಹೊಟ್ಟೆಯಲ್ಲಿರಿಸಿ, ನಡುನಡುವೆ ಬೀದಿಗಳನ್ನೂ ಇರಿಸಿದರೆ ಅದೇ ಒಂದು ನಿಂತ ನಗರವಾಗುತ್ತದೆಂದು ವಾಸ್ತುಶಿಲ್ಪಿಗಳು ಹೇಳುತ್ತ ಬಂದಿದ್ದಾರೆ. ಈ ವಿಚಾರ ಬೀದರ ಜಿಲ್ಲೆಯವರಿಗೆ ದೂರದ್ದೆಂದು ತೋರಬಹುದು. ಆದರೆ ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಹುಮನಾಬಾದಿನ ಮೂಲಕವೇ ಹಾಯುತ್ತದೆ. ಕೆಲಸವನ್ನರಸಿ ಈ ಭಾಗದ ಜನ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೋಗುತ್ತಿರುವುದು ಇಂದು ನಿನ್ನೆಯ ಮಾತಲ್ಲ. ಅವರಲ್ಲಿ ಓದಿದವರು ಗಗನಚುಂಬಿಗಳ ಒಳಗೆ ಕುಳಿತು ದುಡಿಯುತ್ತಾರೆ. ಓದದವರು ಸಿಮೆಂಟು, ಇಟ್ಟಿಗೆ ಹೊತ್ತು ಅವುಗಳನ್ನು ಕಟ್ಟುತ್ತಾರೆ. ಕಟ್ಟುವಾಗ ಹತ್ತಾರು ಅಂತಸ್ತು ಏರಿದವನಿಗೆ, ಕಟ್ಟಡ ಪೂರ್ಣಗೊಂಡ ಮರುದಿನ ಮೊದಲನೆಯ ಅಂತಸ್ತಿಗೂ ಪ್ರವೇಶವಿಲ್ಲ. ಆದುದರಿಂದ ನಿಂತ ನಗರದ ಬೀದಿ ಯಾರದು ಎಂಬ ಪ್ರಶ್ನೆ ಈ ಜಿಲ್ಲೆಯ ಮನೆಮನೆಗೂ ಸಂಬಂಧಿಸಿದ್ದಾಗಿದೆ.

ಮೊದಲು ಬೀದಿ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಎರಡು ಸಾಲು ಬಾಗಿಲುಗಳ ನಡುವಣ ಹಾದಿಯೆಲ್ಲ ಬೀದಿಯಲ್ಲ. ಹಾಗೆಂದರೆ ಆಸ್ಪತ್ರೆಯ ಮೊಗಸಾಲೆಯನ್ನೂ ಬೀದಿಯೆಂದೇ ಕರೆಯಬೇಕಾದೀತು. ಬೀದಿಗೆ ಮೂರು ಲಕ್ಷಣಗಳುಂಟು. ಅಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ಅದು ಒಂದೆಡೆಯಿಂದ ಹೊರಟು ಮತ್ತೊಂದೆಡೆಗೆ ಮುಟ್ಟಿಸುತ್ತದೆ. ಕೆಲಸವಿಲ್ಲದೆಯೂ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಬಹುದು, ಕುಳಿತುಕೊಳ್ಳಬಹುದು. ಹಳ್ಳಿಯ ಅಗಸಿ, ಅದರ ಬದಿಯ ಕಟ್ಟೆ, ಮನೆಯ ಮುಂದಿನ ಜಗಲಿ ಇವೆಲ್ಲ ಈ ಮೂರನೆಯ ಲಕ್ಷಣದ ಫಲಗಳು. ಶರಣರ ಪರಂಪರೆಯಲ್ಲಿ ಬಂದ ಎರಡು ಶಬ್ದಗಳನ್ನು ಬಳಸಿ ಹೇಳುವುದಾದರೆ, ಕಟ್ಟಡ ಸ್ಥಾವರ, ಬೀದಿ ಜಂಗಮ. ಜಂಗಮವಿಲ್ಲದ ಸ್ಥಾವರ ಎಷ್ಟೇ ಎತ್ತರವಾಗಿದ್ದರೂ ಅದನ್ನು ನಗರವೆನ್ನಲಾಗದು.

ಎತ್ತರದಲ್ಲಿ ಬೀದಿಯನ್ನು ಕಲ್ಪಿಸುವುದು ಪಾಶ್ಚಾತ್ಯರ ಹೊಸ ಹಂಬಲವೆಂದು ಭಾವಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವೆಡೆಗಳಲ್ಲಿ ಮಾಳಿಗೆಯಿಂದ ಮಾಳಿಗೆಗೆ ನಡೆದುಹೋಗುವುದು ಸಹಜವಾಗಿತ್ತು. ಕಾಳು ಒಣಗಿಸುವುದು, ಹಪ್ಪಳ ಸಂಡಿಗೆ ಹಾಕುವುದು, ಬೇಸಗೆಯ ರಾತ್ರಿ ಮಲಗುವುದು, ನೆರೆಯವರೊಡನೆ ಸುಖದುಃಖ ಹಂಚಿಕೊಳ್ಳುವುದು ಎಲ್ಲವೂ ಆ ಮೇಲಣ ಓಣಿಯಲ್ಲಿ ನಡೆಯುತ್ತಿದ್ದವು. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನದು. ವಿದ್ಯಾರ್ಥಿಗಳ ಕೋಣೆಗಳು, ಉಪನ್ಯಾಸ ಮಂದಿರಗಳು, ಗ್ರಂಥಾಲಯ, ಮಸೀದಿ ಎಲ್ಲವೂ ಒಂದೇ ಅಂಗಳದ ಸುತ್ತ ಒಂದರ ಮೇಲೊಂದು ನಿಂತಿದ್ದವು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದುಗುಂಡಿನ ಸ್ಫೋಟದಿಂದ ಅದರ ಒಂದು ಪಾರ್ಶ್ವ ನಾಶವಾಯಿತಾದರೂ, ಓದು, ವಾಸ, ಪ್ರಾರ್ಥನೆಗಳನ್ನು ಒಂದೇ ಮೇಲ್ಮುಖ ರಚನೆಯಲ್ಲಿ ಹೇಗೆ ಹೊಂದಿಸಬಹುದೆಂಬುದನ್ನು ಉಳಿದ ಭಾಗ ಇಂದಿಗೂ ಸಾರುತ್ತದೆ. ವಿಜಯಪುರದ ಗೋಳಗುಮ್ಮಟದ ನಾಲ್ಕು ಮೂಲೆಗಳಲ್ಲಿಯೂ ಏಳು ಅಂತಸ್ತಿನ ಗೋಪುರಗಳಿವೆ. ಅವುಗಳ ಮೆಟ್ಟಿಲುಗಳನ್ನೇರಿದವರು ಗುಮ್ಮಟದ ಒಳಸುತ್ತಿನ ಮೊಗಸಾಲೆಯನ್ನು ತಲುಪಿ ಪಿಸುಮಾತಿನ ಪ್ರತಿಧ್ವನಿಯನ್ನು ಕೇಳುತ್ತಾರೆ. ದೊರೆಯ ಸಮಾಧಿಯ ಮೇಲೆ ಇಂದು ಶಾಲಾ ಮಕ್ಕಳ ಕೇಕೆ ಮೊಳಗುತ್ತಿದೆ. ಎತ್ತರವು ಸಾರ್ವಜನಿಕವಾದಾಗ ಒದಗುವ ಸಂತೋಷಕ್ಕೆ ಇದು ನಿದರ್ಶನ.

ಹೊರನಾಡುಗಳ ಪ್ರಯೋಗಗಳಲ್ಲಿ ಗೆಲುವೂ ಇದೆ, ಸೋಲೂ ಇದೆ. ಫ್ರಾನ್ಸಿನ ಮಾರ್ಸೆಯಲ್ಲಿ ಲ ಕಾರ್ಬೂಸಿಯೆ ನಿರ್ಮಿಸಿದ ವಸತಿ ಸಮುಚ್ಚಯ 1952ರಲ್ಲಿ ಪೂರ್ಣಗೊಂಡಿತು. 18 ಅಂತಸ್ತು, 337 ಮನೆಗಳು, ಸುಮಾರು 56 ಮೀಟರ್ ಎತ್ತರ. ಅದರ ನಡುಮಟ್ಟದಲ್ಲಿ ಅಂಗಡಿಗಳ ಬೀದಿಯೊಂದಿದೆ. ತಾರಸಿಯ ಮೇಲೆ ಶಿಶುವಿಹಾರ, ಮಕ್ಕಳ ಆಟದ ಕೊಳ, ಓಟದ ಹಾದಿಗಳನ್ನು ಕಲ್ಪಿಸಲಾಯಿತು. ತಾರಸಿ ಎಲ್ಲರ ಮೆಚ್ಚುಗೆ ಪಡೆಯಿತು. ನಡುವಣ ಅಂಗಡಿಬೀದಿ ಮಾತ್ರ ನಿರೀಕ್ಷಿಸಿದಂತೆ ಬೆಳೆಯಲಿಲ್ಲ. ಕಾರಣ ಸರಳವಾದುದು: ಆ ಬೀದಿಗೆ ಕಟ್ಟಡದ ನಿವಾಸಿಗಳಷ್ಟೇ ಗಿರಾಕಿಗಳು. ದಾರಿಹೋಕನಿಲ್ಲದ ಬೀದಿಯಲ್ಲಿ ವ್ಯಾಪಾರ ಕುದುರದು.

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1961ರಲ್ಲಿ ಪೂರ್ಣಗೊಂಡ ಪಾರ್ಕ್ ಹಿಲ್ ಎಂಬ ವಸತಿ ಸಮುಚ್ಚಯದ ಕಥೆ ಇನ್ನೂ ಬೋಧಪ್ರದ. ಅದು ಇಳಿಜಾರಿನ ನೆಲದ ಮೇಲೆ ನಿಂತಿದೆ. ಛಾವಣಿಯ ಮಟ್ಟ ಒಂದೇ ಆಗಿದ್ದು ನೆಲ ಮೇಲೇರುತ್ತ ಹೋಗುವುದರಿಂದ, ಮನೆಗಳ ಮುಂದಿನ ಅಗಲವಾದ ಹಾದಿಗಳಲ್ಲಿ ಹೆಚ್ಚಿನವು ಗುಡ್ಡದ ತುದಿಯಲ್ಲಿ ನೇರವಾಗಿ ನೆಲಕ್ಕೆ ಮುಟ್ಟುತ್ತಿದ್ದವು. ಹಾಲು ಮಾರುವವನ ಬಂಡಿ ಮೇಲಿನ ಬಾಗಿಲುಗಳವರೆಗೂ ಹೋಗಬಹುದಿತ್ತು. ಕೆಡವಿದ ಹಳೆಯ ಕೇರಿಯ ಬೀದಿಗಳ ಹೆಸರುಗಳನ್ನೇ ಈ ಮೇಲಣ ಬೀದಿಗಳಿಗೂ ಇಟ್ಟರು. ಹಳೆಯ ನೆರೆಹೊರೆಯವರನ್ನು ಹೊಸ ಕಟ್ಟಡದಲ್ಲಿಯೂ ನೆರೆಹೊರೆಯವರನ್ನಾಗಿಯೇ ಇರಿಸಲು ಯತ್ನಿಸಿದರು. ಮುಂದೆ ನಿರ್ವಹಣೆ ಕುಂಠಿತವಾಗಿ ಅದು ದುಃಸ್ಥಿತಿಗೆ ಇಳಿಯಿತಾದರೂ 1998ರಲ್ಲಿ ಸಂರಕ್ಷಿತ ಕಟ್ಟಡವೆಂದು ಘೋಷಿತವಾಗಿ ಅನಂತರ ಜೀರ್ಣೋದ್ಧಾರಗೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ ಲಂಡನ್ನಿನಲ್ಲಿ ಸ್ಮಿತ್‌ಸನ್ ದಂಪತಿಗಳು ರೂಪಿಸಿದ ರಾಬಿನ್ ಹುಡ್ ಗಾರ್ಡನ್ಸ್ 1972ರಲ್ಲಿ ಪೂರ್ಣಗೊಂಡು, 2017ರಿಂದ ನೆಲಸಮಗೊಳ್ಳತೊಡಗಿತು. ಅದರ ಆಗಸದ ಬೀದಿಗಳು ಸುತ್ತಣ ನಗರದ ಬೀದಿಗಳೊಡನೆ ಬೆಸೆದುಕೊಂಡಿರಲಿಲ್ಲ. ಎಲ್ಲಿಂದಲೋ ಎಲ್ಲಿಗೋ ಹೋಗುವವನು ಅಲ್ಲಿ ಹಾಯುವ ಸಂದರ್ಭವೇ ಇರಲಿಲ್ಲ. ಅದರ ಅವನತಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಬೀದಿಗೆ ತಲೆಬುಡಗಳಿಲ್ಲದಿದ್ದುದು ಮುಖ್ಯವಾದ ಒಂದು ನ್ಯೂನತೆಯೆಂದು ಅನೇಕ ವಿಮರ್ಶಕರು ಗುರುತಿಸಿದ್ದಾರೆ.

ಅತಿ ಎತ್ತರದ ಕಟ್ಟಡಗಳಲ್ಲಿ ಇನ್ನೊಂದು ತೊಡಕುಂಟು. ಅಂತಸ್ತುಗಳು ಹೆಚ್ಚಿದಂತೆ ಲಿಫ್ಟುಗಳ ಸಂಖ್ಯೆಯೂ ಹೆಚ್ಚಬೇಕು. ಲಿಫ್ಟಿನ ಬಾವಿಗಳೇ ಕಟ್ಟಡದ ಒಳಜಾಗವನ್ನು ನುಂಗತೊಡಗುತ್ತವೆ. ಇದಕ್ಕೆ ಪರಿಹಾರವಾಗಿ ನಡುಮಟ್ಟದಲ್ಲಿ ಒಂದು ಸಂಗಮಸ್ಥಾನವನ್ನು ಏರ್ಪಡಿಸಿ, ಅಲ್ಲಿಯವರೆಗೆ ವೇಗದ ಲಿಫ್ಟು, ಅಲ್ಲಿಂದ ಮುಂದೆ ಬೇರೆ ಲಿಫ್ಟು ಎಂಬ ಕ್ರಮ ಬಂದಿತು. ಷಿಕಾಗೋ ನಗರದಲ್ಲಿ 1969ರಲ್ಲಿ ಎದ್ದುನಿಂತ 100 ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಸೌಧದಲ್ಲಿ ನಿವಾಸಿಗಳಿಗಾಗಿ 44ನೆಯ ಅಂತಸ್ತಿನಲ್ಲಿ ಇಂಥ ಸಂಗಮವೂ ಈಜುಕೊಳವೂ ಇವೆ. ಅಂಗಡಿ, ಕಚೇರಿ, ಮನೆ ಮೂರನ್ನೂ ಒಡಲಲ್ಲಿರಿಸಿಕೊಂಡ ಆ ಸೌಧದ ಎಂಜಿನಿಯರು ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಎಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ಸಿಂಗಪುರದಲ್ಲಿ 2009ರಲ್ಲಿ ಪೂರ್ಣಗೊಂಡ ಪಿನಾಕಲ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ 50 ಅಂತಸ್ತಿನ 7 ಗೋಪುರಗಳಿದ್ದು, 26 ಮತ್ತು 50ನೆಯ ಅಂತಸ್ತುಗಳಲ್ಲಿ ತೂಗುಸೇತುವೆಗಳಂಥ ಉದ್ಯಾನಗಳು ಅವುಗಳನ್ನು ಒಂದಾಗಿಸಿವೆ. ಮೇಲಿನ ಉದ್ಯಾನಕ್ಕೆ ಶುಲ್ಕ ತೆತ್ತು ಹೊರಗಿನವರೂ ಹೋಗಬಹುದು. ಕೆಳಗಿನದು ನಿವಾಸಿಗಳಿಗೆ ಮೀಸಲು. ಅರ್ಧ ಬೀದಿಯನ್ನಾದರೂ ಅದು ಸಾಧಿಸಿದೆಯೆನ್ನಬಹುದು.

ಕರ್ನಾಟಕದಲ್ಲಿಯೂ ಈ ದಿಸೆಯ ಪ್ರಯತ್ನಗಳು ನಡೆಯದೆ ಇಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1970ರ ದಶಕದಲ್ಲಿ ನಗರಪಾಲಿಕೆಯೇ ಕಟ್ಟಿಸಿದ 25 ಅಂತಸ್ತಿನ ಸೌಧಕ್ಕೆ ‘ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್’ ಎಂದೇ ಹೆಸರಿಟ್ಟರು. ಸುಮಾರು 106 ಮೀಟರ್ ಎತ್ತರದ ಆ ಸೌಧ ಬಹುಕಾಲ ನಗರದ ಗುರುತಾಗಿತ್ತು. ಕೆಳ ಅಂತಸ್ತುಗಳಲ್ಲಿ ಅಂಗಡಿ ಮುಂಗಟ್ಟುಗಳಿದ್ದು ಜನ ಓಡಾಡಿದರು; ಮೇಲೆ ಕಚೇರಿಗಳು ಬಂದವು. ಹೆಸರಿನಲ್ಲಿದ್ದ ಸಾರ್ವಜನಿಕತೆ ಕೆಳಗಿನ ಕೆಲವು ಅಂತಸ್ತುಗಳನ್ನು ದಾಟಿ ಏರಲಿಲ್ಲ. ಅದೇ ನಗರದ ಭಾರತೀಯ ಪ್ರಬಂಧ ಸಂಸ್ಥೆಯ ಆವರಣವನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು ಎತ್ತರಕ್ಕೆ ಹೋಗದೆ ಬೀದಿಯನ್ನೇ ಕಟ್ಟಡದ ಬೆನ್ನೆಲುಬಾಗಿಸಿದರು. ಕಲ್ಲುಗೋಡೆಗಳ ನಡುವಣ ಉದ್ದವಾದ ಹಾದಿಗಳು ಒಮ್ಮೆ ನೆರಳಿನಲ್ಲಿ, ಒಮ್ಮೆ ಬಳ್ಳಿ ಹಬ್ಬಿದ ತೆರಪಿನ ಚಪ್ಪರದಡಿ, ಒಮ್ಮೆ ತೆರೆದ ಬಾನಿನಡಿ ಸಾಗುತ್ತವೆ. ತರಗತಿಯಲ್ಲಿ ಆರಂಭವಾದ ಚರ್ಚೆ ಹಾದಿಯಲ್ಲಿಯೂ ಮುಂದುವರಿಯಲೆಂಬ ಆಶಯ ಅಲ್ಲಿದೆ. ಮೊದಲನೆಯದರ ಎತ್ತರ, ಎರಡನೆಯದರ ಬೀದಿ ಒಂದೆಡೆ ಸೇರಿದ್ದರೆ ಕನ್ನಡ ನಾಡಿಗೆ ಒಂದು ಮಾದರಿ ದೊರೆಯುತ್ತಿತ್ತು. ಅದು ಇನ್ನೂ ದೊರೆಯಬೇಕಾಗಿದೆ.

ಈ ಎಲ್ಲ ನಿದರ್ಶನಗಳಿಂದ ಹೊರಡುವ ತಥ್ಯ ಒಂದೇ. ಎತ್ತರದ ಕಟ್ಟಡದಲ್ಲಿ ಬೀದಿ ಬದುಕುವುದು ಅದರ ಅಗಲದಿಂದಲೂ ಅಲ್ಲ, ಅಲಂಕಾರದಿಂದಲೂ ಅಲ್ಲ. ಹೊರಗಿನವನು ಅದರ ಮೂಲಕ ಹಾದುಹೋಗುವ ಹಕ್ಕಿನಿಂದ. ಆದುದರಿಂದ ವಿನ್ಯಾಸದ ಮೊದಲ ಗೆರೆಯನ್ನು ಎಳೆಯುವಾಗಲೇ ಕೆಲವು ಸಂಗತಿಗಳನ್ನು ನಿಶ್ಚಯಿಸಬೇಕು. ಊರ ಬೀದಿಯೇ ಏರುದಾರಿಯಾಗಿ ಕಟ್ಟಡದೊಳಗೆ ಹೊಗಬೇಕು. ಕಾವಲುಗಾರನ ಮೇಜನ್ನು ದಾಟಿದ ಮೇಲೆ ಆರಂಭವಾಗುವುದು ಬೀದಿಯಲ್ಲ. ಅದಕ್ಕೆ ಕನಿಷ್ಠ ಎರಡು ಬಾಯಿಗಳಿರಬೇಕು. ಅಂಗಡಿ, ವಾಚನಾಲಯ, ಔಷಧಾಲಯ, ಶಿಶುವಿಹಾರಗಳ ಬಾಗಿಲುಗಳು ಅದರ ಕಡೆಗೇ ತೆರೆಯಬೇಕು. ಈ ಬಯಲುಸೀಮೆಯ ಬಿಸಿಲಿಗೆ ನೆರಳು, ಕುಡಿಯುವ ನೀರು, ಶೌಚಾಲಯ, ಕುಳಿತುಕೊಳ್ಳಲು ಕಟ್ಟೆ ಇವು ಇರಲೇಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ಹಾದಿ ಸಾರ್ವಜನಿಕರದೆಂದು ಪುರಸಭೆಯ ದಾಖಲೆಯಲ್ಲಿ ಬರೆದಿರಬೇಕು. ಅದರ ಕಸಗುಡಿಸುವ, ದೀಪ ಹಚ್ಚುವ ವೆಚ್ಚಕ್ಕೆ ವರ್ಷವರ್ಷವೂ ಹಣ ತೆಗೆದಿಟ್ಟಿರಬೇಕು. ಪಾರ್ಕ್ ಹಿಲ್ ಕೆಟ್ಟುದು ಕಲ್ಪನೆಯ ಬಡತನದಿಂದಲ್ಲ, ಪೊರಕೆ ಮತ್ತು ದೀಪಗಳ ಬಡತನದಿಂದ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಬಾಗಿಲು ತೆರೆದಿಟ್ಟರೆ ಕಳ್ಳಕಾಕರು ಬಂದಾರೆಂಬುದು ಮೊದಲನೆಯದು. ಈ ಭಯ ಅಲಕ್ಷ್ಯಕ್ಕೆ ಅರ್ಹವಾದುದಲ್ಲ. ಆದರೆ ಕಳ್ಳತನಕ್ಕೆ ಅನುಕೂಲವಾದುದು ಜನರಿಲ್ಲದ ಮೆಟ್ಟಿಲು, ಜನರಿಂದ ತುಂಬಿದ ಬೀದಿಯಲ್ಲ. ಮನೆಯ ಬಾಗಿಲಿಗೆ ಬೀಗವಿರಲಿ, ಬೀದಿಗೆ ಬೀಗ ಬೇಡ. ಅಲ್ಲದೆ ಬೀಗ ಹಾಕಿದ ಕಟ್ಟಡವೂ ಸುರಕ್ಷಿತವಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರಲ್ಲಿ ಸಂಭವಿಸಿದ ಅಗ್ನಿ ಅನಾಹುತದಲ್ಲಿ 9 ಜನ ಪ್ರಾಣ ತೆತ್ತರು. ಬೆಂಕಿ ಬಿದ್ದಾಗ ಲಿಫ್ಟನ್ನು ಬಳಸುವಂತಿಲ್ಲ. ಹೊಗೆ ತುಂಬಿದ ಮೆಟ್ಟಿಲಲ್ಲಿ ಇಳಿಯುವಂತಿಲ್ಲ. ಗಾಳಿಗೆ ತೆರೆದ, ಎರಡು ಬಾಯಿಗಳುಳ್ಳ, ದಿನನಿತ್ಯದ ನಡೆಯಿಂದ ಎಲ್ಲರಿಗೂ ಪರಿಚಿತವಾದ ಬೀದಿಯೊಂದು ಆ ಹೊತ್ತಿನಲ್ಲಿ ಪ್ರಾಣರಕ್ಷಕವಾಗುತ್ತದೆ. ಎರಡನೆಯ ಆಕ್ಷೇಪಣೆ ವೆಚ್ಚದ್ದು. ಬಾಡಿಗೆ ತಾರದ ಜಾಗವನ್ನು ಯಾವ ಒಡೆಯನೂ ಸ್ವಇಚ್ಛೆಯಿಂದ ಬಿಡಲಾರನೆಂಬುದು ನಿಜ. ಆದುದರಿಂದಲೇ ಈ ಕಾರ್ಯವನ್ನು ಒಡೆಯನ ಔದಾರ್ಯಕ್ಕೆ ಬಿಡದೆ ನಿಯಮದ ಬಲದಿಂದ ಮಾಡಿಸಬೇಕು. ನೆಲದ ಮೇಲೆ ಬಡಾವಣೆ ನಿರ್ಮಿಸುವವನು ರಸ್ತೆಗೆಂದು ಜಾಗ ಬಿಟ್ಟು ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕಾಗುತ್ತದೆ. ಅದೇ ಬಡಾವಣೆಯನ್ನು ನಿಲ್ಲಿಸಿ ಕಟ್ಟಿದವನಿಗೆ ಮಾತ್ರ ಆ ಹೊಣೆ ಏಕಿರಬಾರದು?

ಮೂರನೆಯ ಆಕ್ಷೇಪಣೆ ಈ ಸೀಮೆಯವರದೇ. ಹುಮನಾಬಾದು, ಬಸವಕಲ್ಯಾಣಗಳಲ್ಲಿ ನೆಲಕ್ಕೇನು ಕೊರತೆ, ಗಗನಚುಂಬಿಯ ಗೊಡವೆ ಏಕೆ ಎಂದು ಅವರು ಕೇಳಬಹುದು. ಮಾತು ಸರಿಯಾದುದೇ. ಈ ಊರುಗಳಿಗೆ 50 ಅಂತಸ್ತಿನ ಗೋಪುರದ ಅಗತ್ಯವಿಲ್ಲ. ಹೊಲವನ್ನೂ ಬಾನನ್ನೂ ಕಾಣುತ್ತ ಬಾಳುವ ಭಾಗ್ಯವನ್ನು ಸುಮ್ಮನೆ ಕಳೆದುಕೊಳ್ಳಲೂ ಬಾರದು. ಆದರೆ ಇದೇ ಕೊರತೆ ಎರಡು ಮೂರು ಅಂತಸ್ತಿನ ಕಟ್ಟಡಗಳಲ್ಲಿಯೂ ಇದೆಯೆಂಬುದನ್ನು ಮರೆಯಲಾಗದು. ಸಣ್ಣ ಪಟ್ಟಣಗಳ ವಾಣಿಜ್ಯ ಸಂಕೀರ್ಣಗಳಲ್ಲಿ ಕೆಳಗಿನ ಮಳಿಗೆಗಳಿಗೆ ಪೈಪೋಟಿ, ಮೇಲಿನ ಮಳಿಗೆಗಳಿಗೆ ಬೀಗ ಎಂಬ ನೋಟ ಅಪರೂಪವಲ್ಲ. ಮೆಟ್ಟಿಲು ಕತ್ತಲೆಯ ಮೂಲೆಯಲ್ಲಿ ಅಡಗಿದ್ದರೆ ಮೇಲೇರುವವರಾರು? ಬಜಾರಿನ ಬೀದಿಯೇ ಸುಲಭವಾದ ಏರಿನಲ್ಲಿ ಮೇಲಿನ ಅಂತಸ್ತಿಗೆ ಹೋಗಿ ಇನ್ನೊಂದು ಬದಿಯಲ್ಲಿ ಇಳಿಯುವಂತಿದ್ದರೆ ಆ ಮಳಿಗೆಗಳೂ ಬಾಳುತ್ತಿದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳು ಎಲ್ಲರೂ ಪ್ರವೇಶಿಸುವಂತಿರಬೇಕೆಂದು ವಿಧಿಸಿದೆ. ಆ ಕಾಯಿದೆಯ ಆಶಯವೂ ಈ ಏರುದಾರಿಯಿಂದ ಈಡೇರುತ್ತದೆ.

ಇನ್ನು ಬಸವಕಲ್ಯಾಣದ ನೆಲದಲ್ಲಿಯೇ ಎತ್ತರದ ಪ್ರಶ್ನೆ ಎದುರಾಗಿದೆ. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಶಂಕುಸ್ಥಾಪನೆ ನೆರವೇರಿಸಿದರು. ಗೊ. ರು. ಚನ್ನಬಸಪ್ಪನವರ ಅಧ್ಯಕ್ಷತೆಯ ಸಮಿತಿಯ ಶಿಫಾರಸು ಇದಕ್ಕೆ ತಳಹದಿ. ಅಂದು ಪ್ರಕಟವಾದ ಯೋಜನೆಯಂತೆ ಏಳೂವರೆ ಎಕರೆಯ ನಡುವೆ 6 ಅಂತಸ್ತುಗಳು, 770 ಕಂಬಗಳು, 182 ಅಡಿಗಳ ಎತ್ತರ. ಸಭಾಂಗಣ, ಗ್ರಂಥಾಲಯ, ಸಂಶೋಧನ ಕೇಂದ್ರ, ತಾರಸಿಯ ಉದ್ಯಾನಗಳು. 182 ಅಡಿಯೆಂದರೆ ಹೆಚ್ಚು ಕಡಿಮೆ ಮಾರ್ಸೆಯ ಆ ವಸತಿ ಸಮುಚ್ಚಯದ ಎತ್ತರವೇ. ಇಷ್ಟೊಂದು ಅಂಗಗಳು ಒಂದರ ಮೇಲೊಂದು ನಿಲ್ಲುವಾಗ ಅದು ಒಂದು ಸಣ್ಣ ನಿಂತ ನಗರವೇ ಸರಿ. ಅದಕ್ಕೆ ಒಂದು ಬೀದಿ ಬೇಕು. ನೆಲದಿಂದ ತಾರಸಿಯ ಉದ್ಯಾನದವರೆಗೆ ಸುತ್ತುತ್ತ ಏರುವ, ಅಂತಸ್ತು ಅಂತಸ್ತಿಗೂ ಕಟ್ಟೆಯುಳ್ಳ, ಚೀಟಿ ಕೇಳದ ಹಾದಿಯೊಂದು ಅಲ್ಲಿರುವುದಾದರೆ, ಅದಕ್ಕೆ ಬಂದವರ ಓಣಿ ಎಂಬ ಹೆಸರಿಗಿಂತ ತಕ್ಕ ಹೆಸರು ಬೇರೊಂದಿಲ್ಲ. ಲಿಫ್ಟಿನ ಬಾಗಿಲ ಬಳಿ ಸರದಿಯಲ್ಲಿ ನಿಂತು, ಮೇಲೆ ಹೋಗಿ ನೋಡಿ, ಕೆಳಗಿಳಿದು ಹೋಗುವವನು ಪ್ರೇಕ್ಷಕ. ನಡೆದು ಏರುತ್ತ, ನಡುವೆ ಕುಳಿತು, ಅಪರಿಚಿತನೊಡನೆ ಮಾತಾಡಿದವನು ಅನುಭವಿ. ಕೇವಲ ನೋಡಿಹೋಗುವವರಿಗಾಗಿ ಕಟ್ಟಿದ ಮಂಟಪ ಆ ಹೆಸರಿಗೆ ಸಲ್ಲದು.

ಇಂಥ ಹಾದಿ ಸಾಕಷ್ಟು ಮುಕ್ತವಾಗಿದೆಯೇ ಎಂಬುದನ್ನು ಪರೀಕ್ಷಿಸಲು ಹುಮನಾಬಾದ್ ಸೀಮೆಯೇ ಒಂದು ಉಪಾಯವನ್ನು ಒದಗಿಸುತ್ತದೆ. ಇಲ್ಲಿನ ಮೋಳಕೇರಾ ಗ್ರಾಮದೊಡನೆ ಮೋಳಿಗೆಯ ಮಾರಯ್ಯನವರ ನೆನಪು ಬೆಸೆದುಕೊಂಡಿದೆ. ಕಾಶ್ಮೀರದ ಅರಸುತನವನ್ನು ತೊರೆದು ಬಂದು, ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ಕಾಯಕ ನಡೆಸಿದರೆಂದು ಪರಂಪರೆ ಅವರ ಬಗ್ಗೆ ಹೇಳುತ್ತದೆ. ಕಲ್ಯಾಣದ ಬೀದಿಗಳು ಅವರನ್ನು ಅರಸನೆಂದು ಬರಮಾಡಿಕೊಳ್ಳಲಿಲ್ಲ. ಹೊರೆ ಹೊತ್ತವನೆಂದು ತಡೆಯಲೂ ಇಲ್ಲ. ಗಗನಚುಂಬಿಯ ಬೀದಿಗೂ ಇದೇ ಒರೆಗಲ್ಲು. ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತವನೊಬ್ಬ ಯಾರ ಕಣ್ಣಿನ ಸಂಶಯಕ್ಕೂ ಈಡಾಗದೆ, ಹೊರೆಯಿಳಿಸಲು ಒಂದು ಕಟ್ಟೆಯನ್ನು ಕಾಣುತ್ತ, ಆ ಬೀದಿಯಲ್ಲಿ ಮೇಲಿನ ಅಂತಸ್ತಿನವರೆಗೆ ನಡೆದುಹೋಗಬಲ್ಲನೇ? ಹೌದೆಂದಾದರೆ ಅದು ನಗರ. ಇಲ್ಲವಾದರೆ ಎತ್ತರವಾದ ಒಂದು ಮನೆ ಮಾತ್ರ.

ಇಂದಿನ ಶಾಲೆಯ ಬೆಂಚುಗಳಲ್ಲಿ ಕುಳಿತಿರುವವರಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗಿ, ಪುರಸಭೆಯ ಸದಸ್ಯರಾಗಿ, ಗುತ್ತಿಗೆದಾರರಾಗಿ ಕಟ್ಟಡಗಳ ನಕಾಶೆಯ ಮುಂದೆ ಕುಳಿತುಕೊಳ್ಳಲಿದ್ದಾರೆ. ನಕಾಶೆಯಲ್ಲಿ ಕಂಬ, ತೊಲೆ, ಲಿಫ್ಟುಗಳ ಸ್ಥಾನವನ್ನು ಗುರುತಿಸುವ ಮುನ್ನ, ಬಂದವನು ಎಲ್ಲಿ ನಡೆಯುತ್ತಾನೆ, ಎಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾನೆಂದು ಅವರು ಒಮ್ಮೆ ಕೇಳಿಕೊಂಡರೆ ಸಾಕು. ಆ ಪ್ರಶ್ನೆಗೆ ಉತ್ತರವಾಗಿ ಎಳೆದ ಗೆರೆಯೇ ಎತ್ತರದ ಮೊದಲ ಬೀದಿಯಾದೀತು.